ಎಟಿವಿ ಸಾಗಿಸೋಕೂ ಆಗಬೇಕು, ರಾತ್ರಿ ಮಲಗೋಕೂ ಆಗಬೇಕು: ಇಂಥ ಟ್ರೈಲರ್ ನಾವೇ ಕಟ್ಟಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ಶಿರಾ. ಮನೆಯಲ್ಲಿ ಸ್ಕಾರ್ಪಿಯೊ ಇದೆ, ಒಂದು ಸಣ್ಣ ಎಟಿವಿ (ಕಚ್ಚಾ ನೆಲದಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕಿನಂಥ ಗಾಡಿ) ಇದೆ. ಅದನ್ನು ಹೇರಿಕೊಂಡು ಹೋಗಿ, ರಾತ್ರಿ ಅದೇ ಡಬ್ಬದೊಳಗೆ ಇಬ್ಬರು ಮಲಗುವಂಥ ಟ್ರೈಲರ್ ಬೇಕು. ವೆಲ್ಡಿಂಗ್ ಶಾಪಿನವರು "ಹದಿನೈದು ದಿನದಲ್ಲಿ ಮಾಡಿಕೊಡ್ತೀವಿ ಸಾರ್" ಅಂದಿದ್ದಾರೆ. ಕೊಡಬಹುದಾ?

ನಾನು ತುಮಕೂರಿನವನು. ಇದೇ ಕೆಲಸ ಎರಡು ಸಲ ಮಾಡಿದ್ದೇನೆ. ಎರಡು ಸಲ ಯಾಕೆ ಅಂದರೆ ಮೊದಲನೆಯದು ಕೆಟ್ಟಿತು. ಅದೀಗ ನಮ್ಮ ತೋಟದಲ್ಲಿ ತೆಂಗಿನಕಾಯಿ ತುಂಬುವ ಗಾಡಿ.

ಕೆಟ್ಟಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಡಬ್ಬ. ಆಕ್ಸಲ್, ಅಂದರೆ ಎರಡು ಚಕ್ರ ಕೂಡಿಸುವ ಅಚ್ಚು, ಎಲ್ಲಿಡಲಿ ಅಂತ ಶಾಪಿನವರು ಕೇಳಿದರು. "ನಡುಮಧ್ಯೆ ಇಡಿ" ಅಂದುಬಿಟ್ಟೆ. ನೋಡೋಕೆ ಚೆನ್ನಾಗಿರುತ್ತೆ ಅಲ್ವಾ! ಎಟಿವಿ ಹಿಂದಿನ ಬಾಗಿಲಿಂದ ಹತ್ತುತ್ತದೆ, ಹಾಗಾಗಿ ಅದು ಹಿಂದೆಯೇ ನಿಂತಿತು. ಮನೆಗಳಿನ್ನೂ ಏಳದ ಒಂದು ಲೇಔಟಿನ ಖಾಲಿ ರಸ್ತೆಯಲ್ಲಿ ಎಳೆದು ನೋಡಿದೆವು. ಐವತ್ತು ಕಿಲೋಮೀಟರ್ ವೇಗ ಮುಟ್ಟುವಷ್ಟರಲ್ಲಿ ಟ್ರೈಲರ್ ಬಾಲ ಆಡಿಸೋಕೆ ಶುರು ಮಾಡಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪ್ರತಿ ಸಲವೂ ಇನ್ನಷ್ಟು ಜಾಸ್ತಿ. ಹಿಂದಿನ ಚಕ್ರಗಳನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಪುಣ್ಯಕ್ಕೆ ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ತಿರುವಿ ಸರಿಮಾಡೋಕೂ ಹೋಗಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೇರ ಹಿಡಿದು ಕೂತೆ. ತಾನೇ ನಿಂತಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ಅವರು ಟ್ರೈಲರ್ ಮುಂದಿನ ತುದಿ ಕೈಯಲ್ಲಿ ಎತ್ತಿ ನೋಡಿ, "ಹಿಂಭಾರ ಆಗಿದೆ ಕಣೋ" ಅಂದರು. ಅಷ್ಟೇ. ಎತ್ತಿನ ಗಾಡಿ ಹೊಡೆದವರಿಗೆ ಇದು ಹೊಸ ವಿಷಯವೇ ಅಲ್ಲ. ಹಿಂಭಾರವಾದರೆ ಮೂಕಿ (ಗಾಡಿಯ ಮುಂದಿನ ಉದ್ದ ತುದಿ) ಮೇಲೇಳುತ್ತದೆ, ಕೊರಳಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ. ಮುಂಭಾರ ಅತಿಯಾದರೆ ನೊಗ ಕುತ್ತಿಗೆ ಮುರಿಯುತ್ತದೆ. ಸ್ವಲ್ಪ ಮುಂಭಾರ ಇರಬೇಕು. ಆ "ಸ್ವಲ್ಪ" ಎಷ್ಟು ಅನ್ನುವುದಕ್ಕೆ ಟ್ರೈಲರ್ ಕಟ್ಟುವವರು ಇಟ್ಟುಕೊಂಡಿರುವ ಲೆಕ್ಕ, ಒಟ್ಟು ತೂಕದ ಶೇ. 10ರಿಂದ 15. ಅಷ್ಟು ಭಾರ ಗಾಡಿಯ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು.

ಹುಣಸೆಹಣ್ಣಿನ ಮಂಡಿಯ ಗೆಳೆಯನಿಂದ ಮೂಟೆ ತೂಗುವ ತಕ್ಕಡಿ ತಂದು, ಟ್ರೈಲರನ್ನು ಮಟ್ಟವಾಗಿ ನಿಲ್ಲಿಸಿ, ಮುಂದಿನ ತುದಿ ಅದರ ಮೇಲಿಟ್ಟೆವು. ಎಟಿವಿ ಇಲ್ಲದಾಗ 40 ಕೆಜಿ. ಎಟಿವಿ ಹತ್ತಿಸಿದರೆ ಹೆಚ್ಚುಕಡಿಮೆ ಸೊನ್ನೆ! ನನ್ನ ಎಟಿವಿ 190 ಕೆಜಿ. ಅದರ ನಡು ಆಕ್ಸಲಿಂದ ಎರಡು ಅಡಿ ಹಿಂದೆ ಇತ್ತು. ಆಕ್ಸಲಿಂದ ಹಿಚ್‌ಗೆ ಒಂಬತ್ತು ಅಡಿ. 190ನ್ನು 2ರಿಂದ ಗುಣಿಸಿ 9ರಿಂದ ಭಾಗಿಸಿ. 42 ಕೆಜಿ ಬರುತ್ತದೆ. ಇದ್ದ 40 ಕೆಜಿ ಮುಂಭಾರವನ್ನೆಲ್ಲ ಅದೇ ನುಂಗಿತ್ತು.

ಬರೀ ಮಲಗುವ ಟ್ರೈಲರಿಗೆ ಈ ತಲೆನೋವು ಕಡಿಮೆ, ಅದರ ತೂಕ ಎಲ್ಲೂ ಓಡಾಡುವುದಿಲ್ಲ. ನಮ್ಮದರಲ್ಲಿ 190 ಕೆಜಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಎರಡೂ ಸ್ಥಿತಿಯಲ್ಲಿ ಮುಂಭಾರ ಬದಲಾಗಬಾರದು ಅಂದರೆ ದಾರಿ ಒಂದೇ: ಎಟಿವಿಯ ನಡು ಸರಿಯಾಗಿ ಆಕ್ಸಲ್ ನೆತ್ತಿ ಮೇಲೆ ಬರಬೇಕು. ಎರಡನೇ ಟ್ರೈಲರಿನಲ್ಲಿ ಆಕ್ಸಲ್ಲನ್ನು ಮುಂದಿನ ಗೋಡೆಯಿಂದ ಆರು ಅಡಿಗೆ ಇಡಿಸಿದೆ, ಹಿಂದೆ ನಾಲ್ಕು ಅಡಿ. ಎಟಿವಿ ಮೂರನೇ ಅಡಿಯಿಂದ ಒಂಬತ್ತನೇ ಅಡಿವರೆಗೆ ನಿಲ್ಲುತ್ತದೆ. ಮುಂದಿನ ಮೂರು ಅಡಿಯಲ್ಲಿ ಅಡುಗೆ ಸಾಮಾನು, ಬ್ಯಾಟರಿ, 40 ಲೀಟರ್ ನೀರಿನ ಟ್ಯಾಂಕ್. ಈಗ ಟ್ಯಾಂಕ್ ಖಾಲಿ ಇದ್ದಾಗ ತೂಗಿದರೆ 77 ಕೆಜಿ. ಎಟಿವಿ ಇದ್ದರೂ ಅಷ್ಟೇ, ಇಳಿಸಿದರೂ ಅಷ್ಟೇ. ನೀರು ತುಂಬಿದರೆ ಇನ್ನೊಂದು 20. ಟ್ರೈಲರ್ ಖಾಲಿ 500 ಕೆಜಿ, ಎಟಿವಿ ಸೇರಿ 690. ಅಂದರೆ ಎಟಿವಿ ಇದ್ದಾಗ ಮುಂಭಾರ ಶೇ. 11, ನೀರು ತುಂಬಿದರೆ 13. ಎಟಿವಿ ಇಲ್ಲದಾಗ ಶೇ. 15ರ ಆಸುಪಾಸು, ನೀರೂ ತುಂಬಿದ್ದರೆ 18, ಅದು ಮಾತ್ರ ಸ್ವಲ್ಪ ಜಾಸ್ತಿಯೇ. ನಿಮ್ಮ ಗಾಡಿಯ ಮಾಲೀಕರ ಪುಸ್ತಕದಲ್ಲಿ ಎಷ್ಟು ಎಳೆಯಬಹುದು ಅಂತ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇದೇ ಹಿಂಭಾರ ಇನ್ನೊಂದು ಕಡೆ ಕಾದಿರುತ್ತದೆ. ರ‍್ಯಾಂಪ್ ಮೇಲೆ ಎಟಿವಿ ಹತ್ತಿಸುವಾಗ ಅದರ ಪೂರ್ತಿ ಭಾರ ಆಕ್ಸಲ್ ಹಿಂದೆ ಇರುತ್ತದೆ. ಟ್ರೈಲರ್ ಗಾಡಿಗೆ ಸಿಕ್ಕಿಸಿರದಿದ್ದರೆ ಮೂಕಿ ಆಕಾಶ ನೋಡುತ್ತದೆ, ಎಟಿವಿ ನಿಮ್ಮ ಸಮೇತ ಹಿಂದಕ್ಕೆ. ಆದ್ದರಿಂದ ಹಿಂದಿನ ಎರಡು ಮೂಲೆಗೂ ಜಾಕ್ ಕಾಲು ಹಾಕಿಸಿ. ಅವು ನೆಲ ಮುಟ್ಟಿದ ಮೇಲೆಯೇ ರ‍್ಯಾಂಪ್ ಇಳಿಸಿ. ನನ್ನ ಟ್ರೈಲರಿನ ನೆಲ ಎರಡು ಅಡಿ ಎತ್ತರ, ರ‍್ಯಾಂಪ್ ಆರು ಅಡಿ. ಇದಕ್ಕಿಂತ ಕಡಿದಾದರೆ ನನಗಂತೂ ಧೈರ್ಯ ಇಲ್ಲ.

ತೂಕದ ಬಗ್ಗೆ ಇನ್ನೊಂದು ಮಾತು. ನಮ್ಮ ವೆಲ್ಡಿಂಗ್ ಶಾಪುಗಳು ಟ್ರ್ಯಾಕ್ಟರ್ ಟ್ರೈಲರ್ ಮಾಡಿ ಪಳಗಿದವು. ಗಟ್ಟಿ ಅಂದರೆ ಅವರಿಗೆ ದಪ್ಪ ಕಬ್ಬಿಣ. ನೆಲಕ್ಕೆ 3 ಎಂಎಂ ಚೆಕ್ಕರ್ ಪ್ಲೇಟ್ ಹಾಕೋಣ ಅಂತಾರೆ. ಎಂಟಕ್ಕೆ ನಾಲ್ಕು ಅಡಿಯ ಒಂದು ಹಾಳೆಯೇ 70 ಕೆಜಿ ದಾಟುತ್ತದೆ. ಅದೇ ಅಳತೆಯ 12 ಎಂಎಂ ಮರೀನ್ ಪ್ಲೈ 25 ಕೆಜಿಯ ಆಸುಪಾಸು. ನಾನು ಪ್ಲೈ ಹಾಕಿ, ಎಟಿವಿ ಚಕ್ರ ಓಡುವ ಎರಡು ಸಾಲಿಗೆ ಮಾತ್ರ ತಗಡು ಹೊಡೆಸಿದೆ. ಗೋಡೆಗೆ ತೆಳು ಚೌಕ ಪೈಪಿನ ಚೌಕಟ್ಟು, ಹೊರಗೆ ಎಸಿಪಿ (ಪ್ಲಾಸ್ಟಿಕ್ ಪದರದ ಎರಡೂ ಕಡೆ ತೆಳು ಅಲ್ಯೂಮಿನಿಯಂ) ಹಾಳೆ, ನಡುವೆ ಥರ್ಮೋಕೋಲ್. ಎಟಿವಿಯನ್ನು ಬಿಗಿದು ಕಟ್ಟುವ ಬಳೆಗಳನ್ನು ಮಾತ್ರ ಪ್ಲೈಗೆ ಹೊಡೆಸಬೇಡಿ, ಕೆಳಗಿನ ಚಾಸಿಸ್‌ಗೇ ಬೋಲ್ಟ್ ಹಾಕಿಸಿ. ನಾಲ್ಕು ಮೂಲೆಗೆ ನಾಲ್ಕು ರ‍್ಯಾಚೆಟ್ ಬೆಲ್ಟ್. ಎಟಿವಿಯ ಫ್ರೇಮಿಗೆ ಕಟ್ಟಬೇಕು, ಹ್ಯಾಂಡಲಿಗಲ್ಲ.

ಈಗ ಬೇಸರದ ವಿಷಯ, ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ "ಮೋಟಾರು ವಾಹನ" ಅನ್ನುವ ಪದದೊಳಗೆ ಟ್ರೈಲರೂ ಸೇರಿದೆ. ಇಂಜಿನ್ ಇಲ್ಲ ಅಂತ ಬಿಡುವುದಿಲ್ಲ. ನೋಂದಣಿ ಬೇಕು, ನಂಬರ್ ಪ್ಲೇಟ್ ಬೇಕು. ನೋಂದಣಿಗೆ ಹೋದರೆ ಮಾದರಿ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳು ಕೊಡುತ್ತವೆ. ಒಂದೇ ಒಂದು ಟ್ರೈಲರಿಗೋಸ್ಕರ ನಾವು ಅಲ್ಲಿಗೆ ಹೋಗೋಕಾಗುತ್ತಾ? ನನ್ನ ಮೊದಲನೇ ಟ್ರೈಲರ್ ತೋಟ ಸೇರಿದ್ದಕ್ಕೆ ಇದೂ ಒಂದು ಕಾರಣ. ಎರಡನೇ ಸಲ, ಪ್ರಮಾಣಪತ್ರ ಇರುವ ತಯಾರಕರ ಹತ್ತಿರವೇ ಚಾಸಿಸ್, ಆಕ್ಸಲ್, ಬ್ರೇಕ್, ಲೈಟು ಎಲ್ಲ ಸೇರಿಸಿ ತೆಗೆದುಕೊಂಡೆ. ಮೇಲಿನ ಡಬ್ಬ ಹೇಗಿರುತ್ತೆ ಅಂತ ನಕ್ಷೆ ಹಿಡಿದು ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿದೆ. ಕಟ್ಟಿದ ಮೇಲೆ ಕೇಳಿದರೆ ಉಪಯೋಗ ಇಲ್ಲ. ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದ ಹಾಗೆ ಆಮೇಲೆ ಬದಲಾಯಿಸುವುದನ್ನು ಅದೇ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಬ್ರೇಕ್ ಇರುವ ಚಾಸಿಸ್ಸನ್ನೇ ತಗೊಳ್ಳಿ. ಓವರ್‌ರನ್ ಬ್ರೇಕ್ ಅಂತಾರೆ. ಮುಂದಿನ ಗಾಡಿ ನಿಧಾನ ಮಾಡಿದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಹಿಚ್ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕುವುದನ್ನು ಮರೆಯಬೇಡಿ.

ಮಲಗುವ ವ್ಯವಸ್ಥೆ ಸುಲಭ. ರೈಲಿನ ಮಿಡಲ್ ಬರ್ತ್ ನೆನಪಿಸಿಕೊಳ್ಳಿ. ಎರಡು ಗೋಡೆಗೂ ಎರಡೂವರೆ ಅಡಿಯ ಒಂದೊಂದು ಹಲಗೆ. ಎಟಿವಿ ಒಳಗಿದ್ದಾಗ ಮೇಲಕ್ಕೆ ಮಡಚಿ ಕೊಕ್ಕೆ, ಇಳಿಸಿದ ಮೇಲೆ ಕೆಳಕ್ಕೆ ಬಿಟ್ಟರೆ ನಡುವೆ ಸೇರಿ ಮಂಚ. ಆದರೆ ಎಟಿವಿ ಒಳಗಿರುವಾಗ ಪಕ್ಕದಲ್ಲೇ ಮಲಗುವ ಯೋಚನೆ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೇ ಗಾಳಿಕಿಂಡಿ ಮೇಲೊಂದು ಇದ್ದರೆ ಸಾಲದು, ನೆಲದ ಹತ್ತಿರವೂ ಬೇಕು. ಮಳೆ ಬಂದರೆ ಎಟಿವಿಗೆ ಹೊರಗೆ ಟಾರ್ಪಾಲು. ಗ್ಯಾಸ್ ಒಲೆ ಹಚ್ಚುವುದೂ ಹೊರಗೇ. ಇಷ್ಟೆಲ್ಲ ಮಾಡಿದರೂ ಮೊದಲ ರಾತ್ರಿ ನನ್ನ ಹೆಂಡತಿ, "ಗ್ಯಾರೇಜಿನಲ್ಲಿ ಮಲಗಿದ ಹಾಗಿದೆ" ಅಂದಳು. ಈಗ ಎಟಿವಿ ಇಳಿಸಿ ಒಂದು ಗಂಟೆ ಬಾಗಿಲು ತೆಗೆದಿಟ್ಟು, ನೆಲ ಒರೆಸಿ ಆಮೇಲೆ ಹಾಸಿಗೆ ಬಿಡಿಸುತ್ತೇವೆ.

ಎಸಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. 100 ಎಎಚ್ ಲಿಥಿಯಂ ಬ್ಯಾಟರಿ ಒಂದು, ಫ್ಯಾನ್, ಎರಡು ದೀಪ ಸಾಕು. ಮೇ ತಿಂಗಳಲ್ಲಿ ಪಾವಗಡದ ಕಡೆ ಹೋಗದಿದ್ದರೆ ಆಯಿತು.

ಎಟಿವಿ ಓಡಿಸೋಕೆ ಜಾಗ ಎಲ್ಲಿ ಅಂದರೆ, ನಾವು ಮಧುಗಿರಿ ಕಡೆ ಭಾವಮೈದುನನ ಹೊಲದಲ್ಲಿ ಓಡಿಸುತ್ತೇವೆ. ದೇವರಾಯನದುರ್ಗದ ಕಾಡೊಳಗೆ ಇಳಿಸಬೇಡಿ. ಮೈದನಹಳ್ಳಿಯ ಹುಲ್ಲುಗಾವಲು ನೋಡಿದರೆ ಆಸೆಯಾಗುತ್ತದೆ ನಿಜ, ಆದರೆ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ.

ನನಗೆ ಎರಡನೆಯದಕ್ಕೆ ಒಟ್ಟು 2 ಲಕ್ಷ 60 ಸಾವಿರ ಆಯಿತು. ಮೊದಲನೆಯದರ ಲೆಕ್ಕ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಶಾಪಿಗೆ ಮುಂಗಡ ಕೊಡುವ ಮೊದಲು ನಿಮ್ಮ ಎಟಿವಿಯ ತೂಕ, ಉದ್ದ ಅಳೆದು ಇಲ್ಲಿ ಹಾಕಿ. ಆಕ್ಸಲ್ ಎಲ್ಲಿ ಬರಬೇಕು ಅಂತ ಕೂತು ಲೆಕ್ಕ ಹಾಕೋಣ.