ಸಾಫ್ಟ್‌ವೇರ್ ಆಮೇಲೆ, ಮೊದಲು ಗೋಡೆಯ ಲೆಕ್ಕ ಬರಲಿ

ಇಂಧನ ಉಳಿಸುವ ಕಟ್ಟಡಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಪ್ರತಿಯೊಬ್ಬರಿಗೂ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನಾನು ಆರ್ಕಿಟೆಕ್ಟ್. ಇಂಧನ ಸಂಹಿತೆಗೆ, ಅಂದರೆ ಕಟ್ಟಡಗಳು ಇಂಧನ ಉಳಿಸಬೇಕು ಅನ್ನುವ ನಿಯಮಗಳಿಗೆ, ತಕ್ಕಂತೆ ಕಟ್ಟಡ ವಿನ್ಯಾಸ ಮಾಡುವುದನ್ನು ಕಲಿಯಬೇಕು. ಯಾವ ಸಿಮ್ಯುಲೇಶನ್ ಸಾಫ್ಟ್‌ವೇರ್‌ನ ತರಬೇತಿಗೆ ಸೇರಲಿ? ಮೂರು ದಿನದ ಕೋರ್ಸ್ ಸಾಕಾಗುತ್ತದಾ?

ಯಾವುದಕ್ಕಾದರೂ ಸೇರಿ. ಕಟ್ಟಡದ ಇಂಧನ ಬಳಕೆ ಲೆಕ್ಕ ಹಾಕುವ ಎನರ್ಜಿಪ್ಲಸ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಯಾವ ಗುಂಡಿ ಎಲ್ಲಿದೆ ಅನ್ನುವುದನ್ನು ಮೂರು ದಿನದಲ್ಲಿ ಕಲಿಯಬಹುದು. ಆದರೆ ನೀವು ತಪ್ಪು ಗೋಡೆ ಬರೆದುಕೊಟ್ಟರೆ ಅದು ತಕರಾರು ಮಾಡುವುದಿಲ್ಲ, ತಪ್ಪು ಉತ್ತರವನ್ನೇ ಬಣ್ಣದ ಗ್ರಾಫ್‌ನಲ್ಲಿ ಚೆಂದವಾಗಿ ತೋರಿಸುತ್ತದೆ. ಉತ್ತರ ತಪ್ಪಿದೆ ಅಂತ ನಿಮಗೇ ಅನುಮಾನ ಬರಬೇಕು. ಆ ಅನುಮಾನ ಬರುವುದು ಕೈಯಲ್ಲಿ ಲೆಕ್ಕ ಮಾಡಿದವರಿಗೆ ಮಾತ್ರ.

ಒಂದು ಲೆಕ್ಕ ನೋಡಿ. ಯು ಮೌಲ್ಯ ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆಯಲ್ಲಿ ಎಷ್ಟು ವ್ಯಾಟ್ ಶಾಖ ಹರಿಯುತ್ತದೆ ಅನ್ನುವ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು. 200 ಮಿಲಿಮೀಟರ್ ಕಾಂಕ್ರೀಟ್ ಗೋಡೆ. ಅದರ ಯು ಮೌಲ್ಯ ಸುಮಾರು 3.5. ಹೊರಗಡೆ 50 ಮಿಲಿಮೀಟರ್ ಒಳ್ಳೆಯ ಉಷ್ಣನಿರೋಧಕ ಹಚ್ಚಿದರೆ 0.58ಕ್ಕೆ ಇಳಿಯುತ್ತದೆ. ವರದಿಯಲ್ಲಿ 0.58 ಅಂತ ಬರೆಯುತ್ತೀರಿ, ಅನುಮತಿ ಸಿಗುತ್ತದೆ, ಎಲ್ಲರೂ ಖುಷಿ. ಈಗ ಸೈಟ್‌ನಲ್ಲಿ ಬೀಮ್ ಮತ್ತು ಕಂಬಗಳ ಮೇಲೆ ನಿರೋಧಕ ಹಚ್ಚಲಿಲ್ಲ ಅಂತಿಟ್ಟುಕೊಳ್ಳಿ. ಗೋಡೆಯ ಹತ್ತನೇ ಒಂದು ಭಾಗ ಬರಿದಾಗಿ ಉಳಿಯಿತು. ಸರಾಸರಿ ಎಷ್ಟಾಯಿತು? 0.87. ಹತ್ತನೇ ಒಂದು ಭಾಗ ಬಿಟ್ಟಿದ್ದಕ್ಕೆ ಶಾಖ ಹರಿಯುವುದು ಅರ್ಧದಷ್ಟು ಜಾಸ್ತಿ ಆಯಿತು. ಅದೂ ಅಂಚುಗಳಲ್ಲಿ ಪಕ್ಕಕ್ಕೆ ಹರಿಯುವ ಶಾಖವನ್ನು ಸೇರಿಸದೆ. ಇದು ಸಾಫ್ಟ್‌ವೇರ್‌ಗೆ ಗೊತ್ತಾಗುವುದು ನೀವು ಹೇಳಿದರೆ ಮಾತ್ರ.

ಪೂರ್ತಿ ನಿರೋಧಕ ಹಚ್ಚಿದ ಆ 0.58ರ ಗೋಡೆಗೆ ಈಗ ಕಿಟಕಿ ಇಡಿ. ನೂರಕ್ಕೆ ನಲವತ್ತು ಭಾಗ ಒಂಟಿ ಗಾಜು, ಯು ಮೌಲ್ಯ 5.8. ಒಟ್ಟು ಸರಾಸರಿ 2.67. ಕ್ಲೈಂಟ್ ಬಂದು "ನಿರೋಧಕವನ್ನು ಎರಡು ಪಟ್ಟು ಮಾಡೋಣ" ಅನ್ನುತ್ತಾರೆ. 100 ಮಿಲಿಮೀಟರ್ ಹಚ್ಚಿದರೆ 2.51. ನಿರೋಧಕ ಎರಡು ಪಟ್ಟು, ಉಳಿತಾಯ ನೂರಕ್ಕೆ ಆರು! ಗಾಜಿನ ಮೂಲಕ ನೇರವಾಗಿ ಒಳಗೆ ಬರುವ ಬಿಸಿಲನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಈ ಕಟ್ಟಡದಲ್ಲಿ ಮಾತಾಡಬೇಕಾದ್ದು ಕಿಟಕಿಯ ಬಗ್ಗೆ, ಗೋಡೆಯ ಬಗ್ಗೆ ಅಲ್ಲ. ಅದು ಒಂದು ಹಾಳೆ, ಒಂದು ಪೆನ್ನಿನಲ್ಲಿ ಐದು ನಿಮಿಷಕ್ಕೆ ಗೊತ್ತಾಗುತ್ತದೆ.

ಇನ್ನು ಸಂಹಿತೆಯ ಮಾತು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ ಈ ನಿಯಮಗಳು ಹುಟ್ಟಿದವು. ಕಟ್ಟಡಗಳನ್ನು ಬೆಚ್ಚಗೆ, ತಂಪಾಗಿ ಇಡುವ ಎಂಜಿನಿಯರ್‌ಗಳ ಸಂಸ್ಥೆಯಾದ ಅಮೆರಿಕದ ಆಶ್ರೇಯ ಮೊದಲ ಇಂಧನ ಮಾನದಂಡ ಬಂದದ್ದು 1975ರಲ್ಲಿ. ಯುರೋಪಿನ ಒಕ್ಕೂಟದ ಕಟ್ಟಡ ಇಂಧನ ನಿರ್ದೇಶನ 2002ರಲ್ಲಿ, ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ (ಇಸಿಬಿಸಿ) 2007ರಲ್ಲಿ ಬಂದವು. ಇಂಥ ಸಂಹಿತೆಗಳಲ್ಲಿ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, ಗೋಡೆ ಇಷ್ಟಿರಲಿ, ಗಾಜು ಇಂಥದ್ದಿರಲಿ ಅನ್ನುವ ಪಟ್ಟಿಯ ದಾರಿ. ಇನ್ನೊಂದು, ಇಡೀ ಕಟ್ಟಡವನ್ನು ಲೆಕ್ಕ ಹಾಕಿ, ಪಟ್ಟಿಯ ಪ್ರಕಾರ ಕಟ್ಟಿದ ಕಾಲ್ಪನಿಕ ಜೋಡಿ ಕಟ್ಟಡಕ್ಕೆ ಹೋಲಿಸುವ ದಾರಿ. ಎಡವುವುದು ಈ ಎರಡನೆಯದರಲ್ಲೇ. "ನಮ್ಮ ಕಟ್ಟಡ ಶೇಕಡ 30 ಉಳಿಸುತ್ತದೆ" ಅಂತ ವರದಿ ಹೇಳಿದರೆ, ಉಳಿಸುವುದು ಎಲ್ಲೂ ಇಲ್ಲದ ಒಂದು ಕಟ್ಟಡಕ್ಕಿಂತ. ಎರಡಕ್ಕೂ ಜನ ಎಷ್ಟು ಹೊತ್ತು ಇರುತ್ತಾರೆ, ಎಸಿ ಯಾವಾಗ ಓಡುತ್ತದೆ ಅನ್ನುವುದನ್ನು ಒಂದೇ ಥರ ಊಹಿಸಿರುತ್ತಾರೆ. ನಿಜವಾದ ಬಿಲ್‌ಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಈ ವ್ಯತ್ಯಾಸವನ್ನು ಕ್ಲೈಂಟ್‌ಗೆ ಹೇಳದೆ ಶೇಕಡಾವಾರು ಮಾತ್ರ ಹೇಳುವ ಸಲಹೆಗಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಪ್ರೋಬ್ ಅನ್ನುವ ಅಧ್ಯಯನ ಸರಣಿ ಶುರುವಾಯಿತು. ಜನ ಬಳಸುತ್ತಿದ್ದ ಕಟ್ಟಡಗಳಿಗೆ ಮತ್ತೆ ಹೋಗಿ ಅಳೆದು ನೋಡಿದರು. ಹಲವು ಕಡೆ ನಿಜವಾದ ಬಳಕೆ ವಿನ್ಯಾಸದ ಅಂದಾಜಿಗಿಂತ ಬಹಳ ಜಾಸ್ತಿ ಇತ್ತು. ಯಂತ್ರಗಳು ಕೆಟ್ಟದ್ದಾಗಿದ್ದವು ಅಂತಲ್ಲ. ನಿಯಂತ್ರಣಗಳು ನಡೆಸುವವರಿಗೆ ಅರ್ಥವಾಗುತ್ತಿರಲಿಲ್ಲ, ಯಂತ್ರಗಳು ಬೇಡದ ಹೊತ್ತಿನಲ್ಲೂ ಓಡುತ್ತಿದ್ದವು.

ಹಾಗಾಗಿ ತರಬೇತಿಗೆ ಸೇರುವ ಮುಂಚೆ ಕೇಳಬೇಕಾದ್ದು ಸಾಫ್ಟ್‌ವೇರ್ ಹೆಸರಲ್ಲ. ಕೈಲೆಕ್ಕ ಮಾಡಿಸುತ್ತೀರಾ ಅಂತ ಕೇಳಿ. ಕಟ್ಟಡದ ಅಡ್ಡಕೊಯ್ತದ ನಕ್ಷೆ ಕೊಟ್ಟು, ಗಾಳಿ ತಡೆಯುವ ಪದರವನ್ನು ಪೆನ್ ಎತ್ತದೆ ಸುತ್ತಲೂ ಗೆರೆ ಹಾಕಿಸುತ್ತೀರಾ? ಪೆನ್ ಎಲ್ಲಿ ಎತ್ತಬೇಕಾಗುತ್ತದೋ ಅಲ್ಲಿ ಕಟ್ಟಡ ಸೋರುತ್ತದೆ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಕಟ್ಟಡ ಎಷ್ಟು ಸೋರುತ್ತದೆ ಅಂತ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆಯನ್ನು ಕಣ್ಣಾರೆ ತೋರಿಸುತ್ತೀರಾ? ಬಹಳ ಕಡಿಮೆ ಇಂಧನ ಬಳಸುವ ಕಟ್ಟಡಗಳಿಗಾಗಿ ಇರುವ ಪ್ಯಾಸಿವ್ ಹೌಸ್ ಮಾನದಂಡದಲ್ಲಿ 50 ಪಾಸ್ಕಲ್ ಒತ್ತಡಕ್ಕೆ ಒಳಗಿನ ಗಾಳಿ ಗಂಟೆಗೆ 0.6 ಸಲಕ್ಕಿಂತ ಜಾಸ್ತಿ ಬದಲಾಗಬಾರದು. ಈ ಸಂಖ್ಯೆ ಎಷ್ಟು ಕಟ್ಟುನಿಟ್ಟು ಅಂತ ಸ್ಲೈಡ್ ನೋಡಿದರೆ ಗೊತ್ತಾಗುವುದಿಲ್ಲ. ಸ್ವಿಚ್ ಬೋರ್ಡ್ ತೂತಿನಿಂದ ಬರುವ ಗಾಳಿ ಕೈಗೆ ತಾಗಿದಾಗ ಗೊತ್ತಾಗುತ್ತದೆ.

ಕೊನೆಯದಾಗಿ, ಪಾಠ ಮಾಡುವವರು ತಾವು ಲೆಕ್ಕ ಹಾಕಿದ ಕಟ್ಟಡಕ್ಕೆ ಒಂದು ವರ್ಷದ ನಂತರ ಹೋಗಿ ಮೀಟರ್ ನೋಡಿದ್ದಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ನಾನಾದರೆ ಫೀಸ್ ಕಟ್ಟುವುದಿಲ್ಲ.

ಇನ್ನೊಂದು ಮಾತು. ಆರ್ಕಿಟೆಕ್ಟ್‌ಗಳಿಗೇ ಒಂದು ಬ್ಯಾಚ್, ಎಂಜಿನಿಯರ್‌ಗಳಿಗೇ ಒಂದು ಬ್ಯಾಚ್ ಮಾಡುವ ಕೋರ್ಸ್‌ಗಳು ನನಗೆ ಇಷ್ಟವಿಲ್ಲ. ಬಾಲ್ಕನಿ ಸ್ಲ್ಯಾಬ್ ಗೋಡೆಯನ್ನು ಸೀಳಿ ಹೊರಗೆ ಹೋಗುವ ಜಾಗದಲ್ಲಿ ಶಾಖ ಹೇಗೆ ಹರಿಯುತ್ತದೆ ಅನ್ನುವುದು ಮೂರು ಜನರ ಸಮಸ್ಯೆ: ನಕ್ಷೆ ಬರೆದವರದ್ದು, ಕಬ್ಬಿಣ ಲೆಕ್ಕ ಹಾಕಿದವರದ್ದು, ಸೈಟ್ ನೋಡಿಕೊಳ್ಳುವವರದ್ದು. ಮೂವರೂ ಒಂದೇ ಮೇಜಿನ ಸುತ್ತ ಕೂತು ಜಗಳ ಆಡಿದರೆ ಒಂದು ಮಧ್ಯಾಹ್ನಕ್ಕೆ ಬಗೆಹರಿಯುತ್ತದೆ. ಬೇರೆ ಬೇರೆ ಕೂತರೆ ಪ್ರತಿಯೊಬ್ಬರೂ ಅದು ಇನ್ನೊಬ್ಬರ ಕೆಲಸ ಅಂದುಕೊಂಡು ಮನೆಗೆ ಹೋಗುತ್ತಾರೆ.

ಪ್ರಶ್ನೆ: ಹಸಿರು ರೇಟಿಂಗ್ ಸಿಕ್ಕರೆ ಇಂಧನ ಸಂಹಿತೆ ಪಾಲಿಸಿದಂತೆಯೇ ಅಲ್ವಾ?

ಅಲ್ಲ. ರೇಟಿಂಗ್ ಸಾಮಾನ್ಯವಾಗಿ ನೀವಾಗಿ ಬಯಸಿ ಪಡೆಯುವುದು, ಜಾರಿಯಲ್ಲಿರುವ ಸಂಹಿತೆ ಕಾನೂನು.

ಪ್ರಶ್ನೆ: ನನಗೆ 25 ವರ್ಷ ಅನುಭವ ಇದೆ. ನನಗೂ ತರಬೇತಿ ಬೇಕಾ?

ಬೇಕು. ಆ 25 ವರ್ಷದಲ್ಲಿ ಸಂಹಿತೆ ಎಷ್ಟು ಸಲ ಬದಲಾಗಿದೆ ನೋಡಿಕೊಳ್ಳಿ.

ಪ್ರಶ್ನೆ: ಗೋಡೆ ಉಸಿರಾಡಬೇಕು, ಗಾಳಿಯಾಡದಂತೆ ಕಟ್ಟಿದರೆ ಒಳಗಿನ ಗಾಳಿ ಕೆಡುತ್ತದೆ ಅಂತ ಮೇಸ್ತ್ರಿ ಹೇಳುತ್ತಾರೆ.

ಉಸಿರಾಡಬೇಕಾದವರು ಜನ, ಗೋಡೆ ಅಲ್ಲ. ಬಿರುಕಿನಿಂದ ಬರುವ ಗಾಳಿ ಹೊರಗೆ ಬಿರುಗಾಳಿ ಇದ್ದಾಗ ಜಾಸ್ತಿ, ಬೇಕಾದಾಗ ಇಲ್ಲ. ಬಿಗಿಯಾಗಿ ಕಟ್ಟಿ, ಗಾಳಿಗೆ ಬೇರೆಯೇ ದಾರಿ ಕೊಡಿ. ದಾರಿ ಕೊಡದೆ ಬಿಗಿಯಾಗಿ ಮಾತ್ರ ಕಟ್ಟಿದರೆ ಮೇಸ್ತ್ರಿ ಹೇಳಿದ್ದೇ ನಿಜವಾಗುತ್ತದೆ.

ಪ್ರಶ್ನೆ: ಅರ್ಧ ಮಿಲಿಮೀಟರ್ ಬಳಿದರೆ 50 ಮಿಲಿಮೀಟರ್ ನಿರೋಧಕಕ್ಕೆ ಸಮ ಅನ್ನುವ ಪೇಂಟ್ ತೋರಿಸಿದರು. ಶಿಫಾರಸು ಮಾಡಲಾ?

ಬೇಡ. ಮೇಲಿನ ಲೆಕ್ಕವನ್ನೇ ಮಾಡಿ. ಅರ್ಧ ಮಿಲಿಮೀಟರ್ ಅಷ್ಟು ಕೆಲಸ ಮಾಡಬೇಕಾದರೆ ಅದರ ಉಷ್ಣವಾಹಕತೆ, ಅಂದರೆ ಶಾಖವನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವ ಅಳತೆ, 0.00035 ಇರಬೇಕು. ನಿಂತ ಗಾಳಿಯದ್ದೇ ಸುಮಾರು 0.025. ಅಂದರೆ ಗಾಳಿಗಿಂತ 70 ಪಟ್ಟು ಒಳ್ಳೆಯ ನಿರೋಧಕ ಡಬ್ಬಿಯಲ್ಲಿ ಬಂದಿದೆ! ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಪೇಂಟ್ ಬೇರೆ ವಿಷಯ. ಸೆಕೆಯ ಹವೆಯಲ್ಲಿ ಛಾವಣಿಗೆ ಅದು ಒಳ್ಳೆಯದೇ, ಕೊಳೆ ಕೂರದಂತೆ ನೋಡಿಕೊಂಡರೆ. ಆದರೆ ಅದನ್ನು ನಿರೋಧಕ ಅಂತ ಮಾರಬಾರದು. ಮಾರಲು ಬಂದವರ ಹತ್ತಿರ ಪ್ರಯೋಗಾಲಯದ ಉಷ್ಣವಾಹಕತೆ ವರದಿ ಕೇಳಿ. ಬಲ್ಬ್ ಕೆಳಗೆ ತಗಡು ಇಟ್ಟು, ಮುಟ್ಟಿ ನೋಡಿ ಅನ್ನುವ ಡೆಮೊ ಶುರು ಮಾಡಿದರೆ ಕಳುಹಿಸಿಬಿಡಿ.