ಎಂಟು ವರ್ಷದ ಗುಳಿಗೆ, ಎರಡು ತಿಂಗಳ ತೊಡೆನೋವು

ಪ್ರಶ್ನೆ: ನಮ್ಮ ಅವ್ವನಿಗೆ 69 ವರ್ಷ. ಎಲುಬು ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೆಂದು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ. ಗುಳಿಗೆ ಎಂಟು ವರ್ಷದಿಂದ ನಡೆದಿದೆ. ಎರಡು ತಿಂಗಳಿಂದ ಬಲತೊಡೆ ನೋವು, ಎಲ್ಲೂ ಬಿದ್ದಿಲ್ಲ. ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿಯುತ್ತಾರೆ. ದವಡೆ ಹಲ್ಲನ್ನೂ ಕೀಳಿಸಬೇಕಂತೆ. ಗುಳಿಗೆ ನಿಲ್ಲಿಸಬೇಕೇ?
— ಓದುಗರು, ಗದಗ

ಉತ್ತರ: ವಾತದ ನೋವೆಂದು ಎಣ್ಣೆ ತಿಕ್ಕುತ್ತ ದಿನ ದೂಡಬೇಡಿ. ಒಂದೆರಡು ದಿನದಲ್ಲೇ ಎಲುಬಿನ ಡಾಕ್ಟರಿಗೆ ತೋರಿಸಿ. ಎಷ್ಟು ವರ್ಷದಿಂದ ಗುಳಿಗೆ ನಡೆದಿದೆ ಎಂಬುದನ್ನು ನೀವಾಗಿಯೇ ಹೇಳಿ. ತೊಡೆನೋವಿಗೂ ಅದಕ್ಕೂ ಇರುವ ನಂಟು ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ.

ಎಲುಬಿನಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಇರುತ್ತವೆ. ಈ ಗುಳಿಗೆ ಕರಗಿಸುವ ಕೆಲಸವನ್ನು ತಗ್ಗಿಸುತ್ತದೆ, ಲಾಭ ಬರುವುದೂ ಅದರಿಂದಲೇ. ಆದರೆ ದಿನನಿತ್ಯದ ಭಾರಕ್ಕೆ ಬೀಳುವ ಕೂದಲೆಳೆಯಂಥ ಬಿರುಕುಗಳ ರಿಪೇರಿಯೂ ನಿಧಾನವಾಗುತ್ತದೆ. ಅಪರೂಪಕ್ಕೆ, ಹೆಚ್ಚಾಗಿ ಐದು ವರ್ಷ ದಾಟಿದವರಲ್ಲಿ, ತೊಡೆಯೆಲುಬಿನ ಹೊರಮಗ್ಗುಲಲ್ಲಿ ಇಂಥ ಬಿರುಕು ಬೆಳೆದು, ಒಂದು ದಿನ ನಿಂತ ನಿಲುವಿನಲ್ಲೇ ಎಲುಬು ಮುರಿಯುತ್ತದೆ. ಅದಕ್ಕೆ ಮುಂಚೆ ಬಹಳ ಮಂದಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ತೊಡೆಯಲ್ಲೋ ತೊಡೆಸಂದಿಯಲ್ಲೋ ನೋವಿರುತ್ತದೆ.

ಎಕ್ಸ್‌ರೇ ಸೊಂಟದಿಂದ ಮೊಣಕಾಲಿನವರೆಗೆ ಇಡೀ ತೊಡೆಯದ್ದಾಗಿರಲಿ, ಎರಡೂ ಕಾಲಿನದಾಗಿರಲಿ. ನೋವಿಲ್ಲದ ಕಾಲಿನಲ್ಲೂ ಬಿರುಕು ಇರಬಹುದು. ಬರೀ ಮೊಣಕಾಲಿನ ಫಿಲ್ಮ್ ತೆಗೆದರೆ ಜಾಗವೇ ತಪ್ಪಿಹೋಗುತ್ತದೆ. ಎಲುಬಿನ ಹೊರ ಅಂಚು ಒಂದು ಕಡೆ ದಪ್ಪಗಾಗಿ, ಹಕ್ಕಿಯ ಕೊಕ್ಕಿನಂತೆ ಉಬ್ಬಿ, ಅದರೊಳಗೆ ಅಡ್ಡಗೆರೆ ಕಂಡರೆ ಅದೇ ಬಿರುಕು. ಎಕ್ಸ್‌ರೇ ಸರಿಯಿದ್ದೂ ನೋವು ಹೋಗದಿದ್ದರೆ ಎಮ್‌ಆರ್‌ಐ ಬೇಕಾಗುತ್ತದೆ. ಅಲ್ಲಿಯವರೆಗೆ ಆ ಕಾಲಿಗೆ ಭಾರ ಬೀಳದಂತೆ ವಾಕರ್ ಹಿಡಿದು ನಡೆಯಲಿ; ಕೊಡ ಎತ್ತುವುದು, ಮೆಟ್ಟಿಲು ಹತ್ತುವುದು ಬೇಡ. ಬಿರುಕು ಇದ್ದರೆ, ಮುರಿಯುವ ಮೊದಲೇ ರಾಡ್ ಹಾಕುವುದೂ ಉಂಟು.

ಮುಂದಿನ ವಾರದ ಗುಳಿಗೆ ಎಕ್ಸ್‌ರೇ ಆಗುವತನಕ ತಡೆಯಿರಿ. ಈ ಔಷಧ ಎಲುಬಿನಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ಕೆಲವು ವಾರ ತಪ್ಪಿದರೆ ನಷ್ಟವಿಲ್ಲ. ಬಿರುಕು ಕಂಡರೆ ಅದನ್ನು ಮತ್ತೆ ಶುರುಮಾಡುವುದಿಲ್ಲ. ಕಾಣದಿದ್ದರೂ ಐದು ವರ್ಷಕ್ಕೇ ಆಗಬೇಕಿದ್ದ ಮರುಪರಿಶೀಲನೆ ಈಗಲಾದರೂ ಆಗಲಿ.

ಹಲ್ಲಿನ ಡಾಕ್ಟರಿಗೂ ಗುಳಿಗೆಯ ಹೆಸರು ಹೇಳಿ. ಕಿತ್ತ ಜಾಗ ಮಾಯದೆ ದವಡೆಯೆಲುಬು ಎಂಟು ವಾರ ದಾಟಿಯೂ ತೆರೆದೇ ಉಳಿಯುವ ತೊಂದರೆಯೊಂದಿದೆ. ಈ ಪ್ರಮಾಣದ ಗುಳಿಗೆಯಲ್ಲಿ ಅದು ತೀರಾ ವಿರಳ, ಹಾಗಾಗಿ ಕೀವಾದ ಹಲ್ಲನ್ನು ಹೆದರಿ ಬಾಯಲ್ಲೇ ಇಟ್ಟುಕೊಳ್ಳಬಾರದು.

ಇದನ್ನೋದಿ ಒಂದೆರಡು ವರ್ಷದಿಂದ ಗುಳಿಗೆ ನುಂಗುತ್ತಿರುವವರು ತಾವಾಗಿ ಬಿಡಬೇಡಿ. ಅದು ತಪ್ಪಿಸುವ ಸೊಂಟದ ಮುರಿತಗಳೇ ಎಷ್ಟೋ ಹೆಚ್ಚು. ಇದೇ ರೋಗಕ್ಕೆ ಆರು ತಿಂಗಳಿಗೊಮ್ಮೆ ಡೆನೋಸುಮ್ಯಾಬ್ ಇಂಜೆಕ್ಷನ್ ಪಡೆಯುವವರ ಲೆಕ್ಕವೇ ಬೇರೆ: ಅದು ಎಲುಬಿನಲ್ಲಿ ಉಳಿಯುವುದಿಲ್ಲ. ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ, ಅಥವಾ ಹಿಂದಿನ ಇಂಜೆಕ್ಷನ್ನಿನಿಂದ ಏಳು ತಿಂಗಳು ದಾಟುವಷ್ಟು ತಡಮಾಡಿದರೂ, ಬೆನ್ನೆಲುಬಿನ ಮಣಿಗಳು ಒಂದಾದ ಮೇಲೊಂದು ಕುಸಿಯಬಹುದು. ಮುಂದಿನ ಇಂಜೆಕ್ಷನ್ನಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.