ಟೊಬೇಗೊದಲ್ಲಿ ಆರಾಮ, ಟ್ರಿನಿಡಾಡ್‌ನಲ್ಲಿ ಸುತ್ತಾಟ

ಅಪ್ಪ-ಅಮ್ಮನ ಜೊತೆ ನ್ಯೂಜೆರ್ಸಿಯಿಂದ ಒಂದು ವಾರ ಕೆರಿಬಿಯನ್, ಬೀಚ್ ಬೇಕು, ರೆಸಾರ್ಟ್ ಗೇಟಿನೊಳಗೇ ಕೂರೋದು ಬೇಡ, ಊಟ ಸಸ್ಯಾಹಾರಿ ಅಂತ ಕೇಳಿದ್ದೀರಿ. ನಾನಾದರೆ ಕಣ್ಣುಮುಚ್ಚಿ ಟೊಬೇಗೊ ಅಂತೀನಿ. ಕೊನೆಯ ಎರಡು ದಿನ ಅದೇ ದೇಶದ ಇನ್ನೊಂದು ದ್ವೀಪ ಟ್ರಿನಿಡಾಡ್.

ಟೊಬೇಗೊದಲ್ಲಿ ಸ್ಟೋರ್ ಬೇ ಬೀಚ್ ಹತ್ತಿರ ಉಳಿದುಕೊಳ್ಳಿ. ಅಲ್ಲಿಂದ ಗಾಜಿನ ತಳದ ದೋಣಿ ಸಿಗುತ್ತದೆ. ಬಕೂ ಹವಳದ ದಿಬ್ಬ ತೋರಿಸಿ ನೈಲಾನ್ ಪೂಲ್‌ಗೆ ಕರೆದೊಯ್ಯುತ್ತಾರೆ. ನಡುಸಮುದ್ರದಲ್ಲಿ ಸೊಂಟದ ಮಟ್ಟದ ತಿಳಿನೀರು, ಕೆಳಗೆ ಬಿಳಿ ಮರಳು. ಈಜು ಬರದ ಅಮ್ಮನೂ ಇಳಿಯಬಹುದು. ಒಂದು ದಿನ 1776ರಿಂದಲೂ ರಕ್ಷಿತವಾಗಿರುವ ಮೇನ್ ರಿಡ್ಜ್ ಕಾಡಿಗೆ ಗೈಡ್ ಜೊತೆ ಹೋಗಿ.

ಊಟದ ಚಿಂತೆ ಬಿಡಿ. ಟ್ರಿನಿಡಾಡ್‌ನ 'ಡಬಲ್ಸ್' ಅಂದರೆ ಎರಡು ಮೆತ್ತನೆ ಬಾರಾ (ಎಣ್ಣೆಯಲ್ಲಿ ಕರಿದ ರೊಟ್ಟಿ), ನಡುವೆ ಕಡಲೆಕಾಳಿನ ಪಲ್ಯ, ಮೇಲೆ ಹುಣಸೆ ಚಟ್ನಿ. ರಸ್ತೆಬದಿ ಬೆಳಿಗ್ಗೆಯೇ ಸಿಗುತ್ತದೆ. ಖಾರ ಎಷ್ಟು ಬೇಕು ಅಂತ ಕೇಳಿದಾಗ 'ಸ್ಲೈಟ್' (ಸ್ವಲ್ಪ) ಅನ್ನಿ, ಅಲ್ಲಿನ ಮೆಣಸಿನಕಾಯಿ ನಮ್ಮ ಗುಂಟೂರನ್ನೂ ಮೀರಿಸುತ್ತೆ.

ಟ್ರಿನಿಡಾಡ್‌ನ ವಾಟರ್‌ಲೂದಲ್ಲಿರುವ ಸಮುದ್ರ ದೇವಸ್ಥಾನ ತಪ್ಪಿಸಬೇಡಿ. ಸಿವ್‌ದಾಸ್ ಸಾಧು ಎಂಬ ಕೂಲಿಯಾಳು ಸಕ್ಕರೆ ಕಂಪನಿಯ ಜಾಗದಲ್ಲಿ ಕಟ್ಟಿದ್ದ ಗುಡಿಯನ್ನು ಕೆಡವಿ, ಅವನನ್ನು ಜೈಲಿಗೂ ಹಾಕಿದರು. ಆಮೇಲೆ ಅವನು ಸಮುದ್ರದೊಳಗೇ ಕಟ್ಟಲು ಶುರುಮಾಡಿದ!

ಜನವರಿಯಿಂದ ಮೇ ಒಳಗೆ ಹೋಗಿ, ಮಳೆ ಕಡಿಮೆ. ಕಾರ್ನಿವಲ್ ವಾರದಲ್ಲಿ ಮಾತ್ರ ಬೇಡ, ರೂಮಿನ ಬೆಲೆ ಜಾಸ್ತಿ. ಕಾರು ಬಾಡಿಗೆಗೆ ತಗೊಂಡರೆ ಎಡಗಡೆ ಓಡಿಸಬೇಕು, ಸ್ಟೀರಿಂಗ್ ಅಪ್ಪನಿಗೇ ಕೊಡಿ.